ಮನೆಯಿಂದ ಕೆಲಸ ಮಾಡುವ ತಾಯಿಗೆ ಸಾಕ್ಷಿ ಸಮನ್ಸ್‌ನಿಂದ ವಿನಾಯಿತಿ ಸಿಗುತ್ತದೆಯೇ?

ಮೇಗರವಳ್ಳಿ ಕಡೆಯವಳು:

ಎಲ್ಲರಿಗೂ ನಮಸ್ಕಾರ. 2024ರ ನವೆಂಬರ್‌ನಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಾಗ, ಗಾಜನೂರಿನ ಹತ್ತಿರ ಪಿಕಪ್ ವಾಹನವೊಂದು ಬೈಕಿಗೆ ಗುದ್ದಿದ್ದನ್ನು ಮುಂದಿನ ಸೀಟಿನಲ್ಲಿದ್ದ ನಾನು ಕಣ್ಣಾರೆ ಕಂಡೆ. ಬೈಕಿನಲ್ಲಿದ್ದ ಹುಡುಗ ಉಳಿಯಲಿಲ್ಲ. ಅಂದೇ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದೆ. ಮೊನ್ನೆ ಪೊಲೀಸರೊಬ್ಬರು ಮನೆಗೆ ಬಂದು, ಶಿವಮೊಗ್ಗದ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯಲು ಹಾಜರಾಗಬೇಕೆಂಬ ಸಮನ್ಸ್ ಕೊಟ್ಟು ಸಹಿ ಹಾಕಿಸಿಕೊಂಡು ಹೋದರು.

ನನಗೆ ಹದಿನಾಲ್ಕು ತಿಂಗಳ ಮಗುವಿದೆ. ಇನ್ನೂ ಎದೆಹಾಲು ಬಿಟ್ಟಿಲ್ಲ. ಯಜಮಾನರು ಮಂಗಳೂರಿನಲ್ಲಿದ್ದಾರೆ, ಶನಿವಾರ ರಾತ್ರಿ ಬರುತ್ತಾರೆ. ಅತ್ತೆಯವರಿಗೆ ಮಂಡಿನೋವು, ಮಗು ಅಂಗಳ ದಾಟಿ ತೋಟದ ಕಡೆ ಹೊರಟರೆ ಹಿಂದೆ ಓಡುವುದು ಅವರಿಂದಾಗದು. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮನೆಯಲ್ಲೇ ಇರುವವಳಿಗೆ ಒಂದು ದಿನ ಹೋಗಿಬರಲು ಏನು ಕಷ್ಟ ಎಂದು ನೆಂಟರು ಕೇಳುತ್ತಾರೆ. ಮಗು ಮಲಗಿದ ಹೊತ್ತು ನೋಡಿಕೊಂಡು ಕರೆಗಳನ್ನು ಹೊಂದಿಸಿಕೊಳ್ಳುವವಳ ಕಷ್ಟ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದಲ್ಲಿರುವ ನಮ್ಮ ತಂಡದ ಮೇಲಧಿಕಾರಿ, ಅಲ್ಲಿ ಮೊಕದ್ದಮೆ ಕೇಳಿ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಗುಂಪಾದ ಜ್ಯೂರಿಗೆ ಕರೆ ಬಂದಾಗ ಚಿಕ್ಕ ಮಕ್ಕಳಿರುವವರು ತೊಂದರೆ ವಿವರಿಸಿ ವಿನಾಯಿತಿಯನ್ನೋ ಮುಂದೂಡಿಕೆಯನ್ನೋ ಕೇಳುತ್ತಾರೆ, ನೀವೂ ಹಾಗೆಯೇ ಬರೆಯಿರಿ ಎಂದರು. ಇಲ್ಲಿ ಅಂಥ ಅವಕಾಶವಿದೆಯೇ?

ನಿವೃತ್ತ ನ್ಯಾಯಾಲಯ ನೌಕರ, ಶಿವಮೊಗ್ಗ:

ಅಮ್ಮಾ, ಮೊದಲು ಜ್ಯೂರಿಯ ಮಾತನ್ನು ಬದಿಗಿಡಿ. ನಮ್ಮ ದೇಶದ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಜ್ಯೂರಿ ಪದ್ಧತಿ ಇಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆ ಅದಕ್ಕೆ ಜಾಗವನ್ನೇ ಉಳಿಸಲಿಲ್ಲ. ಜ್ಯೂರಿಗೆ ಒಬ್ಬರು ಬಾರದಿದ್ದರೆ ಮತ್ತೊಬ್ಬರನ್ನು ಕರೆಯಬಹುದು. ಆದರೆ ನೀವು ಕಂಡದ್ದನ್ನು ನಿಮ್ಮ ಬದಲಿಗೆ ಬಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ವಿನಾಯಿತಿ ಬೇಡವೆಂದೂ, ಅನುಕೂಲವಾದ ದಿನ ಮತ್ತು ವಿಧಾನವನ್ನು ಕೇಳಿರೆಂದೂ ನನ್ನ ಸಲಹೆ. ಆ ಹುಡುಗನ ಮನೆಯವರೂ ಇಷ್ಟು ದಿನದಿಂದ ಕಾದಿದ್ದಾರೆ ಎಂಬುದನ್ನು ಮರೆಯಬೇಡಿ.

ಸುಮ್ಮನೆ ಮನೆಯಲ್ಲಿ ಉಳಿಯುವುದಂತೂ ಖಂಡಿತ ಬೇಡ. ಸಕಾರಣವಿಲ್ಲದೆ ಗೈರಾದರೆ, ಆ ಹಳೆಯ ಸಂಹಿತೆಯ ಬದಲಿಗೆ ಈಗ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 389ನೇ ಕಲಮಿನಂತೆ 500 ರೂಪಾಯಿವರೆಗೆ ದಂಡ ವಿಧಿಸಬಹುದು. ದಂಡ ಸಣ್ಣದೆನಿಸಬಹುದು, ಆದರೆ ಗೈರಾದ ಸಾಕ್ಷಿಗೆ ವಾರಂಟ್ ಹೊರಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಮಗು ಕಂಕುಳಲ್ಲಿರುವಾಗ ಪೊಲೀಸರು ವಾರಂಟ್ ಹಿಡಿದು ಅಂಗಳಕ್ಕೆ ಬರುವುದು ಯಾರಿಗೂ ಬೇಡ.

ಸಮನ್ಸ್‌ನಲ್ಲಿ ಸಿ.ಸಿ. ನಂಬರ್ (ಪ್ರಕರಣದ ಸಂಖ್ಯೆ), ನ್ಯಾಯಾಲಯದ ಹೆಸರು, ದಿನಾಂಕ ಇರುತ್ತವೆ. ಅವನ್ನು ಬರೆದುಕೊಂಡು ಆ ನ್ಯಾಯಾಲಯದ ಸಹಾಯಕ ಸರ್ಕಾರಿ ಅಭಿಯೋಜಕರನ್ನು, ಅಂದರೆ ಸರ್ಕಾರದ ಪರವಾಗಿ ಪ್ರಕರಣ ನಡೆಸುವ ವಕೀಲರನ್ನು, ಕಾಣಿರಿ. ಅವರೇ ನಿಮ್ಮನ್ನು ಸಾಕ್ಷಿಯಾಗಿ ಕರೆಸಿರುವವರು, ಅವರನ್ನು ಕಾಣಲು ನೀವು ಬೇರೆ ವಕೀಲರನ್ನು ಇಟ್ಟುಕೊಳ್ಳಬೇಕಾಗಿಲ್ಲ. ಮಗುವಿನ ಜನನ ಪ್ರಮಾಣಪತ್ರದ ಪ್ರತಿಯನ್ನಿಟ್ಟು, ಮನೆಯಲ್ಲಿ ಯಾರಿದ್ದಾರೆ, ಯಾವ ವಾರ ಯಜಮಾನರು ರಜೆ ಹಾಕಬಲ್ಲರು ಎಂಬುದನ್ನು ಬಿಡಿಸಿ ಬರೆದ ಅರ್ಜಿ ಕೊಡಿ. ಮನೆಯಿಂದ ಕೆಲಸ ಮಾಡುತ್ತೇನೆ ಎಂಬುದೊಂದನ್ನೇ ಕಾರಣವಾಗಿ ಬರೆದರೆ ಅರ್ಜಿಗೆ ತೂಕ ಬರುವುದಿಲ್ಲ. ಮಗುವನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ ಎಂಬುದೇ ಮುಖ್ಯ ಕಾರಣ.

ವಕೀಲೆ, ತೀರ್ಥಹಳ್ಳಿ:

ಹಿರಿಯರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸಾಕ್ಷ್ಯವನ್ನು ವಿಡಿಯೋ ಮೂಲಕ ದಾಖಲಿಸಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಒಪ್ಪಿದೆ. ಈಗಿನ ಸಂಹಿತೆಯ 530ನೇ ಕಲಮೂ ವಿಚಾರಣೆಯನ್ನು ವಿದ್ಯುನ್ಮಾನ ವಿಧಾನದಲ್ಲಿ ನಡೆಸಲು ಅವಕಾಶ ಕೊಡುತ್ತದೆ. ಆದರೆ ಮನೆಯ ಲ್ಯಾಪ್‌ಟಾಪ್ ತೆರೆದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಾಕ್ಷಿ ನುಡಿಯಬಹುದೆಂದು ಭಾವಿಸಬೇಡಿ. ಸಾಕ್ಷಿಗೆ ಪಕ್ಕದಿಂದ ಯಾರೂ ಹೇಳಿಕೊಡುತ್ತಿಲ್ಲ ಎಂಬುದು ಖಾತ್ರಿಯಾಗಬೇಕು, ಪಾಟೀಸವಾಲಿನ ನಡುವೆ ಕರೆಂಟು ಹೋಗಬಾರದು. ಮಳೆಗಾಲದಲ್ಲಿ ನಮ್ಮ ಕಡೆಯ ನೆಟ್‌ವರ್ಕ್ ಹೇಗಿರುತ್ತದೆಂದು ನಿಮಗೇ ಗೊತ್ತು. ಆದ್ದರಿಂದ ತೀರ್ಥಹಳ್ಳಿಯ ನ್ಯಾಯಾಲಯದಲ್ಲಿ ಕುಳಿತು ವಿಡಿಯೋ ಮೂಲಕ ಹಾಜರಾಗಲು ಅನುಮತಿ ಕೋರಿರಿ. ಅನುಮತಿ ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆಗೆ ಸೇರಿದ್ದು. ಮುಂದಿನ ಆದೇಶ ಬರುವವರೆಗೆ ಹಳೆಯ ದಿನಾಂಕವೇ ಊರ್ಜಿತ ಎಂಬುದು ನೆನಪಿರಲಿ.

ಸಾಗರದ ಗೃಹಿಣಿ:

ತಂಗಿ, ನಾನೂ ಮಗಳಿಗೆ ಎರಡು ವರ್ಷವಿದ್ದಾಗ ಸಾಕ್ಷಿ ಹೇಳಿ ಬಂದವಳು. ಮೊದಲ ಸಲ ಯಾರಿಗೂ ಏನನ್ನೂ ತಿಳಿಸದೆ ಹೋಗಿ, ಮಧ್ಯಾಹ್ನ ಮೂರರವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಮಗಳು ಅತ್ತು ಅತ್ತು ನನ್ನ ಸೆರಗು ಹಿಡಿದೇ ಮಲಗಿದಳು, ಕೊನೆಗೆ ಪ್ರಕರಣ ಬೇರೆ ದಿನಕ್ಕೆ ಹೋಯಿತು. ಎರಡನೆಯ ಸಲ ಬೆಳಿಗ್ಗೆಯೇ ಅಭಿಯೋಜಕರಿಗೆ ಕೈಮಗು ಇದೆ ಎಂದು ಹೇಳಿದೆ. ಅವರು ನ್ಯಾಯಾಧೀಶರಲ್ಲಿ ವಿನಂತಿಸಿದ್ದರಿಂದ ಊಟದ ವಿರಾಮಕ್ಕೆ ಮುಂಚೆಯೇ ನನ್ನನ್ನು ಕರೆದರು. ನನ್ನ ತಮ್ಮ ಮಗಳನ್ನು ಎತ್ತಿಕೊಂಡು ಬಾಗಿಲ ಹೊರಗೆ ನಿಂತಿದ್ದ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗು, ಎರಡು ಜೊತೆ ಬಟ್ಟೆ, ಗಂಜಿಯ ಡಬ್ಬ ಇಟ್ಟುಕೋ. ಬಸ್ಸಿನ ಟಿಕೆಟನ್ನೂ ಎಸೆಯಬೇಡ. ಸಾಕ್ಷಿ ಭತ್ಯೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ, ಬಾಯಿಬಿಟ್ಟು ಕೇಳಬೇಕು.

ಮೇಗರವಳ್ಳಿ ಕಡೆಯವಳು:

ಎಲ್ಲರಿಗೂ ಕೃತಜ್ಞತೆಗಳು. ಬದಲಿ ಸಾಕ್ಷಿ ಇಲ್ಲ ಎಂಬ ಮಾತನ್ನು ಓದಿದ ಮೇಲೆ, ರಸ್ತೆಯ ಮೇಲೆ ಉರುಳಿಹೋದ ಆ ನೀಲಿ ಹೆಲ್ಮೆಟ್ಟು ಮತ್ತೆ ಕಣ್ಣ ಮುಂದೆ ಬಂತು. ವಿನಾಯಿತಿ ಕೇಳುವುದಿಲ್ಲ. ತೀರ್ಥಹಳ್ಳಿಯಿಂದ ವಿಡಿಯೋ ಮೂಲಕ ಹಾಜರಾಗಲು, ಅದಾಗದಿದ್ದರೆ ಯಜಮಾನರು ರಜೆ ಹಾಕುವ ವಾರಕ್ಕೆ ದಿನಾಂಕ ಕೊಡಲು ಕೋರಿ ಅರ್ಜಿ ಬರೆದಿದ್ದೇನೆ. ಸೋಮವಾರ ಯಜಮಾನರೇ ಶಿವಮೊಗ್ಗಕ್ಕೆ ಹೋಗಿ ಅಭಿಯೋಜಕರ ಕೈಗೆ ಕೊಡುತ್ತಾರೆ.