ಅಪ್‌ಡೇಟ್: ಬಚ್ಚಲಿನ ಹೀಟರ್ ರಾಡ್ ಸರಿಯಾಗೇ ಇತ್ತು, ಕೆಟ್ಟಿದ್ದು ಸಾಕೆಟ್

ತೀರ್ಥಹಳ್ಳಿ ಕಡೆ ತೋಟದ ಮನೆ, 230 ವೋಲ್ಟಿನ 1500 ವಾಟ್ ರಾಡ್, 20 ಲೀಟರ್ ನೀರು ಕಾಯೋಕೆ ಮುಕ್ಕಾಲು ಗಂಟೆ ಯಾಕೆ ಅಂತ ಕೇಳಿದ್ದೆನಲ್ಲ, ಗೊತ್ತಾಯ್ತು.

ರಾಡ್ ಬದಲಾಯಿಸಿ ಅಂದವರ ಊಹೆ ಸರಿಯಾಗಲಿಲ್ಲ. ರಾಡಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡೋ ತಡೆ) 230 × 230 ÷ 1500 = 35.3 ಓಂ ಇರಬೇಕು. ಪ್ಲಗ್ ಕಿತ್ತು ಅಳೆದರೆ 35 ಬಂತು. ಸ್ಟೆಬಿಲೈಸರ್ ತಂದಿದ್ದರೂ ದುಡ್ಡು ದಂಡ.

ಕೆಲಸಕ್ಕೆ ಬಂದದ್ದು "ರಾಡ್ ಓಡ್ತಿರುವಾಗಲೇ ವೈರಿನ ಎರಡೂ ತುದೀಲಿ ವೋಲ್ಟೇಜ್ ನೋಡಿ" ಅಂದ ಸಾಗರದವರ ಸಲಹೆ. ಎಲೆಕ್ಟ್ರಿಷಿಯನ್ ಅಳೆದಾಗ ಮೀಟರ್ ಬೋರ್ಡಲ್ಲಿ 206 ವೋಲ್ಟ್, ಸಾಕೆಟ್ಟಲ್ಲಿ 184, ಕರೆಂಟ್ 5.2 ಆಂಪಿಯರ್. ರಾಡಿಗೆ ಸಿಗ್ತಿದ್ದದ್ದು 184 × 5.2, ಅಂದ್ರೆ 957 ವಾಟ್ ಮಾತ್ರ. ದಾರೀಲಿ ಹೋದ 22 ವೋಲ್ಟನ್ನು 5.2ರಿಂದ ಭಾಗಿಸಿದರೆ ದಾರಿಯ ತಡೆ 4.2 ಓಂ. 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್, ಹೋಗಿಬರೋ ಉದ್ದ 80 ಮೀಟರ್, ಅದಕ್ಕೆ 1 ಓಂ ಸಾಕು. ಉಳಿದ 3.2?

ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರ್) ಸ್ಕ್ರೂ ಸಡಿಲ, ವೈರ್ ತುದಿಗೆ ಹಸಿರು ಕಿಲುಬು, ಸುತ್ತಲ ಪ್ಲಾಸ್ಟಿಕ್ ಸುಟ್ಟು ಕರಿ. 5.2 × 5.2 × 3.2, ಸುಮಾರು 86 ವಾಟ್ ಬಿಸಿ ಆ ಒಂದು ಸ್ಕ್ರೂ ಹತ್ರ! ನಮ್ಮ ಮಳೆಗಾಲದ ಥಂಡಿಗೆ ಬಚ್ಚಲ ಸಾಕೆಟ್ ಹೀಗಾಗದೆ ಇನ್ನೇನು.

ವೈರ್ ತುದಿ ಕತ್ತರಿಸಿ ಹೊಸದಾಗಿ ಸುಲಿದು, 16 ಆಂಪಿಯರ್ ಸಾಕೆಟ್ ಹಾಕಿದ ಮೇಲೆ 200 ವೋಲ್ಟ್, 5.65 ಆಂಪಿಯರ್, 1130 ವಾಟ್. 1500 ಯಾಕಿಲ್ಲ ಅಂದ್ರೆ, ವೋಲ್ಟೇಜ್ ಶೇ 13 ಇಳಿದರೆ ವಾಟ್ ಶೇ 25ರಷ್ಟು ಇಳಿಯುತ್ತೆ. ಸಂಜೆ ಲೈನಲ್ಲೇ ವೋಲ್ಟೇಜ್ ಕಮ್ಮಿ.