ಅಪ್‌ಡೇಟ್: ಟೆಕ್ಸಾಸ್‌ನಲ್ಲಿ ನಮ್ಮವರ ಕೈ ಮಚ್ಚೆ ಏನು ಅಂತ ಕೊನೆಗೂ ಗೊತ್ತಾಯಿತು

ನಮ್ಮ ಯಜಮಾನರ ಮುಂಗೈ ಮೇಲೆ ತಿಳಿಬಣ್ಣದ ಮಚ್ಚೆ, ಯಾವ ಮುಲಾಮಿಗೂ ಜಗ್ಗುತ್ತಿಲ್ಲ, ಏನಿರಬಹುದು ಅಂತ ಹಿಂದೆ ಇಲ್ಲಿ ಕೇಳಿದ್ದೆ. ಅದು ಕುಷ್ಠ. ಔಷಧಿ ಶುರುವಾಗಿದೆ.

ಹುಳುಕಡ್ಡಿ ಕ್ರೀಮ್, ಸ್ಟೀರಾಯ್ಡ್ ಮುಲಾಮು ಎರಡೂ ಕೆಲಸ ಮಾಡಲಿಲ್ಲ. ಬ್ಲಡ್ ಟೆಸ್ಟಿನಿಂದಲೂ ಏನೂ ತಿಳಿಯಲಿಲ್ಲ. ದಾರಿ ತೋರಿಸಿದ್ದು "ಕಣ್ಣು ಮುಚ್ಚಿಸಿ ಹತ್ತಿ ಎಳೆ ಸೋಕಿಸಿ ನೋಡಿ" ಅಂದವರ ಸಲಹೆ. ಅವರಿಗೆ ತುಂಬಾ ಥ್ಯಾಂಕ್ಸ್. ಮಚ್ಚೆಯ ಹೊರಗೆ ಸೋಕಿಸಿದರೆ ತಕ್ಷಣ ಅಲ್ಲೇ ಬೆರಳಿಟ್ಟು ತೋರಿಸಿದರು. ಮಚ್ಚೆಯ ನಡುವೆ ಸೋಕಿಸಿದರೆ ಗೊತ್ತೇ ಆಗದೆ ಸುಮ್ನೆ ಕೂತಿದ್ದರು. ಇದನ್ನು ಹೇಳಿದ ಮೇಲೆ ಚರ್ಮದ ಡಾಕ್ಟರು ಮೊಣಕೈ ಹಿಂದಿನ ನರ ಮುಟ್ಟಿ ನೋಡಿದರು, ದಪ್ಪಗಾಗಿತ್ತು. ಆಗಲೇ ಬಯಾಪ್ಸಿ (ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷೆ) ಮಾಡಿದರು.

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 200 ಜನರಲ್ಲಷ್ಟೇ ಇದು ಪತ್ತೆಯಾಗುತ್ತೆ. ಎಷ್ಟೋ ಡಾಕ್ಟರುಗಳು ಒಂದು ಕೇಸನ್ನೂ ನೋಡಿರಲ್ಲ. ಅದಕ್ಕೇ ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ ರಾಷ್ಟ್ರೀಯ ಹ್ಯಾನ್ಸೆನ್ ಕಾಯಿಲೆ (ಕುಷ್ಠದ ಇನ್ನೊಂದು ಹೆಸರು) ಕಾರ್ಯಕ್ರಮ ಇದೆ. ಡಾಕ್ಟರು ಕಳಿಸಿದ ಬಯಾಪ್ಸಿಯನ್ನು ಅಲ್ಲಿ ಉಚಿತವಾಗಿ ನೋಡುತ್ತಾರೆ, ಮಾತ್ರೆಗಳನ್ನೂ ಉಚಿತವಾಗಿ ಕೊಡುತ್ತಾರೆ. ಇದನ್ನು ದಯವಿಟ್ಟು ನಿಮ್ಮ ಡಾಕ್ಟರಿಗೆ ಹೇಳಿ.

ನನಗೆ ಆಶ್ಚರ್ಯ ಆಗಿದ್ದು ಆರ್ಮಡಿಲೊ ಅನ್ನೋ ಗಟ್ಟಿ ಚಿಪ್ಪಿನ ಕಾಡುಪ್ರಾಣಿಯ ವಿಷಯ. ಇಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಆ ಪ್ರಾಣಿಯಿಂದಲೂ ಕುಷ್ಠ ಬರಬಹುದಂತೆ! ಆದರೆ ಸೋಂಕು ತಗುಲಿ 20 ವರ್ಷದ ಮೇಲೂ ಮಚ್ಚೆ ಕಾಣಿಸಬಹುದು, ಹಾಗಾಗಿ ಇವರಿಗೆ ಊರಲ್ಲೇ ತಗುಲಿರಬಹುದು. ಎಲ್ಲಿಂದ ಅಂತ ಹೇಳೋದು ಕಷ್ಟ.

ನನ್ನನ್ನೂ ಮಕ್ಕಳನ್ನೂ ಪರೀಕ್ಷೆ ಮಾಡಿದರು, ಏನೂ ಇಲ್ಲ. ಇವರು ಮನೆಯಲ್ಲೇ ಎಲ್ಲರ ಜೊತೆ ಇದ್ದಾರೆ, ಬೇರೆ ಇರಿಸುವ ಅಗತ್ಯವೇ ಇಲ್ಲ. ಮಚ್ಚೆ ಕೆಂಪಾಗಿ ಊದಿಕೊಂಡರೆ, ನರ ನೋವು ಬಂದರೆ ಮಾತ್ರೆ ನಿಲ್ಲಿಸದೆ ಅವತ್ತೇ ಫೋನ್ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ.