ಪದ ಬೇಕು: ಡೈನೋಸಾರಿನ ಮೈಮೇಲಿದ್ದದ್ದು ಗರಿಯೋ, ಪುಕ್ಕವೋ, ತುಪ್ಪಳವೋ?

ಕೊಪ್ಪಳದಿಂದ:
ಎಲ್ಲರಿಗೂ ನಮಸ್ಕಾರ. ಅವಸರ ಇದೆ, ಬೋರ್ಡು ಬರೆಯುವವರು ನಾಳೆ ಬರುತ್ತಾರೆ. ನಮ್ಮ ಶಾಲೆಗೆ ಕಿನ್ನಾಳದ ಚಿತ್ರಗಾರರೊಬ್ಬರು ಸೈನೊಸಾರೊಪ್ಟೆರಿಕ್ಸ್ ಎಂಬ ಡೈನೋಸಾರಿನ ಮೂರ್ತಿ ಮಾಡಿಕೊಡುತ್ತಿದ್ದಾರೆ. ಚೀನಾದ್ದು, 1996ರಲ್ಲಿ ಹೆಸರು ಪಡೆದದ್ದು, ಉದ್ದ ಬರೀ ಒಂದು ಮೀಟರಿನಷ್ಟು. ಡೈನೋಸಾರ್ ಅಂದರೆ ಹುರುಪೆ ಮೈಯ ರಾಕ್ಷಸ ಅಂದುಕೊಂಡ ಮಕ್ಕಳು ಇದನ್ನು ಮುಟ್ಟಿ ನೋಡಲಿ ಅಂತ ಆಸೆ.

ಚಿತ್ರಗಾರರಿಗೆ 'ಗರಿ ಇತ್ತು' ಅಂದೆ. ಮರುದಿನ ನೋಡಿದರೆ ನವಿಲುಗರಿಯ ಕಣ್ಣು ಕೆತ್ತಿದ್ದಾರೆ! ತಪ್ಪು ನನ್ನದೇ. ಪಳೆಯುಳಿಕೆಯಲ್ಲಿರುವುದು ಕೂದಲಿನಂಥ ಸಣ್ಣ ಎಳೆ. ಮೂರ್ತಿಯಲ್ಲಿ ತಪ್ಪಾದರೆ ಸುಮ್ನೆ ಹೋಗುವುದಿಲ್ಲ. ಲಂಡನ್ನಿನಲ್ಲಿ 1854ರಲ್ಲಿ ಇನ್ನೊಂದು ಡೈನೋಸಾರ್ ಆದ ಇಗ್ವಾನೊಡಾನ್‌ನ ಹೆಬ್ಬೆರಳಿನ ಮುಳ್ಳನ್ನು ಮೂಗಿನ ಮೇಲೆ ಕೊಂಬು ಮಾಡಿ ನಿಲ್ಲಿಸಿದರು. ಇವತ್ತಿಗೂ ಹಾಗೇ ನಿಂತಿದೆ.

ಬಳ್ಳಾರಿಯಿಂದ:
ತುಪ್ಪಳ. ಚರ್ಚೆಯೇ ಬೇಕಿಲ್ಲ. ಹಳೆಯ ರೂಪ ತುಪ್ಪುಳ್. ಹಕ್ಕಿಯ ಮೆತ್ತನೆ ಪುಕ್ಕಕ್ಕೂ ಪ್ರಾಣಿಯ ಮೈಗೂದಲಿಗೂ ಒಂದೇ ಮಾತು. ಗರಿಗೆ ನಡುವೆ ದಂಟು ಇರಲೇಬೇಕು, ತೆಂಗಿನ ಗರಿ ನೋಡಿ. ಅದಿರಲಿ, 'ಡೈನೋಸಾರ್' ಅಂತ ಯಾಕೆ ಬರೆಸುತ್ತೀರಿ? ಅದರ ಅರ್ಥವೇ 'ಭೀಕರಹಲ್ಲಿ', ಹಾಗೇ ಅನ್ನಿ. ಕನ್ನಡ ಶಾಲೆ ಅಲ್ವಾ?

ರಾಯಚೂರಿನಿಂದ:
'ಭೀಕರ' ಯಾವೂರ ಕನ್ನಡ ಸರ್? ಸಂಸ್ಕೃತಕ್ಕೆ ಒಳಗೆ ಮಣೆ, ಗ್ರೀಕಿಗೆ ಹೊರಗೆ ಕಟ್ಟೆ! 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಓವನ್ ಗ್ರೀಕಿನಿಂದ ಕಟ್ಟಿದ ಹೆಸರು ಅದು, ಇಂಗ್ಲಿಷಿಗೂ ಎರವಲೇ. ಮೇಲಾಗಿ ಇದು ಹಲ್ಲಿಯಲ್ಲ. ಹಲ್ಲಿಯ ಕಾಲು ಪಕ್ಕಕ್ಕೆ ಚಾಚಿರುತ್ತದೆ, ಡೈನೋಸಾರಿನದು ಮೈಯಡಿ ನೆಟ್ಟಗೆ. 'ಹಲ್ಲಿ' ಅಂತ ಹೇಳಿ ನೋಡಿ, ಚಿತ್ರಗಾರರು ಹೊಟ್ಟೆಯನ್ನು ನೆಲಕ್ಕೆ ಹಚ್ಚಿಬಿಡುತ್ತಾರೆ.

ಬಳ್ಳಾರಿಯಿಂದ:
ಹಾಗಾದರೆ 'ಬೆದರುಹಲ್ಲಿ'. ಎರವಲಿಗೆ ಬಾಗಿಲು ತೆಗೆದರೆ ನಾಳೆ ಬಾಲಕ್ಕೂ 'ಟೇಲ್' ಅಂತೀರಿ.

ರಾಯಚೂರಿನಿಂದ:
ನೀವು ಕೂತ ಕುರ್ಚಿ ಅರಬ್ಬಿಯಿಂದ ಬಂದದ್ದು. ಮೊದಲು ಅದರಿಂದ ಏಳ್ರಿ.

ಕೊಪ್ಪಳದಿಂದ:
ನೀವು ಜಗಳ ಮುಂದುವರಿಸಿ. ನಾನು 'ಮೈತುಂಬ ತುಪ್ಪಳದ ಡೈನೋಸಾರ್' ಅಂತ ಬರೆಸುತ್ತೇನೆ. ಚಿತ್ರಗಾರರು ನವಿಲುಗಣ್ಣು ಹೆರೆದು, ಹುಣಸೆಬೀಜದ ಅಂಟು ಬಳಿದು, ಸೆಣಬಿನ ಎಳೆ ಹಚ್ಚುತ್ತಿದ್ದಾರೆ. ಆದರೆ ಇನ್ನೊಂದು ಪದ ಬೇಕು. ಎಳೆಗಳಲ್ಲಿ ಉಳಿದ ಬಣ್ಣದ ಕಣ ನೋಡಿ, ಬಾಲಕ್ಕೆ ಕಂದುಗೆಂಪು-ಬಿಳಿ ಪಟ್ಟೆ ಇತ್ತು ಅಂತ 2010ರಲ್ಲಿ ತಿಳಿಸಿದ್ದಾರೆ. ಆ ಕೆಂಪಿಗೆ ಮಕ್ಕಳಿಗೆ ಗೊತ್ತಾಗುವ ಹೆಸರು ಯಾವುದು? ಸಂಜೆಯೊಳಗೆ ಹೇಳಿ.

ರಾಯಚೂರಿನಿಂದ:
ಇಟ್ಟಂಗಿ ಬಣ್ಣ.

ಬಳ್ಳಾರಿಯಿಂದ:
ಇಟ್ಟಿಗೆಯ ಮೂಲ ಸಂಸ್ಕೃತ. ಕಾವಿ ಅನ್ನಿ.